ಗಣಕದ ನಿಘಂಟು: ಕೀಲಿಯನ್ನು ಆರಿಸುವ ವಿಚಾರ

ನಮ್ಮ ಶಾಲೆಯ ಮೇಲ್ತರಗತಿಗಳಲ್ಲಿ ಗಣಕಯಂತ್ರದ ಪಾಠವನ್ನು ಓದುವ ವಿದ್ಯಾರ್ಥಿನಿಯರು ವರ್ಷ ವರ್ಷವೂ ನಮ್ಮನ್ನು ಒಂದು ಪ್ರಶ್ನೆ ಕೇಳುತ್ತಾರೆ. ಪ್ರೋಗ್ರಾಮನ್ನು ವಸ್ತುಪ್ರಧಾನ ಕ್ರಮದಲ್ಲಿ, ಅಂದರೆ ಆಬ್ಜೆಕ್ಟುಗಳನ್ನು ಆಧಾರವಾಗಿಟ್ಟುಕೊಂಡು ಬರೆಯುವಾಗ, ಸಂಗತಿಗಳನ್ನು ಕೀಲಿ ಮತ್ತು ಮೌಲ್ಯಗಳ ಜೋಡಿಗಳಾಗಿ ಕೂಡಿಡುವ ಪಟ್ಟಿಯನ್ನು ಎಲ್ಲಿ ಉಪಯೋಗಿಸತಕ್ಕದ್ದು, ಎಲ್ಲಿ ಉಪಯೋಗಿಸಬಾರದು ಎಂಬುದೇ ಆ ಪ್ರಶ್ನೆ. ಗಂಟೆ ಬಾರಿಸುವುದರೊಳಗೆ ಹೇಳಿ ಮುಗಿಸಲಾರದ ಈ ವಿಷಯವನ್ನು ಸ್ಮರಣ ಸಂಚಿಕೆಯ ಪುಟಗಳಲ್ಲಿ ಸಾವಕಾಶವಾಗಿ ಬರೆಯೋಣವೆಂದು ನಿಶ್ಚಯಿಸಿದೆವು. ಪಾಠ ಹೇಳುವವರಾದ ನಾವೇ ಈ ವಿಷಯದಲ್ಲಿ ಒಮ್ಮೆ ತಪ್ಪಿ ನಡೆದೆವಾದ್ದರಿಂದ, ಆ ತಪ್ಪಿನ ವೃತ್ತಾಂತವನ್ನೂ ಮರೆಮಾಚದೆ ಹೇಳುವೆವು.

ಮೊದಲು ಹೆಸರಿನ ವಿಚಾರ. ಬೀಗದ ಕೈಯೆಂದು ನಾವು ಮನೆಯಲ್ಲಿ ಕರೆಯುವುದನ್ನೇ ಇಲ್ಲಿ ಚಿಕ್ಕದಾಗಿ ಕೀಲಿ ಎನ್ನುತ್ತೇವೆ. ಆ ಕೀಲಿಯಿಂದ ತೆರೆದಾಗ ಒಳಗೆ ದೊರೆಯುವ ಸಂಗತಿಯು ಮೌಲ್ಯ. ಇಂಥ ಜೋಡಿಗಳ ಸಂಗ್ರಹಕ್ಕೆ ಪೈಥಾನ್ ಭಾಷೆಯಲ್ಲಿಯೂ, ಅದಕ್ಕಿಂತ ಹಳೆಯದಾದ ಸ್ಮಾಲ್‌ಟಾಕ್ ಭಾಷೆಯಲ್ಲಿಯೂ ‘ಡಿಕ್ಷನರಿ’ ಎಂದೇ ಹೆಸರು. ಜಾವಾ ಭಾಷೆಯವರು ‘ಮ್ಯಾಪ್’ ಎನ್ನುತ್ತಾರೆ. ನಮಗೆ ಡಿಕ್ಷನರಿ ಎಂಬ ಹೆಸರೇ ಮೆಚ್ಚಿಕೆಯಾದುದರಿಂದ ನಿಘಂಟು ಎಂದು ಕರೆಯುವೆವು.

ಆದರೆ ನಿಘಂಟುಗಳೆಲ್ಲವೂ ಒಂದೇ ಬಗೆಯವಲ್ಲ. ನಮ್ಮ ಹಿರಿಯರು ಬಾಯಿಪಾಠ ಮಾಡುತ್ತಿದ್ದ ಅಮರಕೋಶವು ಪದ್ಯರೂಪವಾದದ್ದು. ಅದರಲ್ಲಿ ಶಬ್ದಗಳು ಅಕಾರಾದಿಯಾಗಿ ಇಲ್ಲ, ಸ್ವರ್ಗ, ಭೂಮಿ, ವನಸ್ಪತಿ ಎಂದು ವಿಷಯಕ್ಕೆ ತಕ್ಕಂತೆ ವರ್ಗಗಳಾಗಿ ಇವೆ. ಕೋಶವು ಪೂರ್ತಿಯಾಗಿ ಕಂಠಸ್ಥವಾಗಿದ್ದವನಿಗೆ ಅದು ಕಾಮಧೇನು. ಇಲ್ಲದವನು ಒಂದು ಶಬ್ದಕ್ಕಾಗಿ ಮೊದಲಿನಿಂದ ಕಡೆಯವರೆಗೆ ಓದುತ್ತಾ ಹೋಗಬೇಕು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಬಾಸೆಲ್ ಮಿಷನ್ನಿನ ಫರ್ಡಿನಂಡ್ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟಾದರೋ ಸುಮಾರು 70,000 ಶಬ್ದಗಳುಳ್ಳದ್ದು. ಆದರೂ ಶಬ್ದವೊಂದು ಕೈಯಲ್ಲಿದ್ದರೆ ಸಾಕು, ಅದರ ಅಕ್ಷರಗಳೇ ನಮ್ಮನ್ನು ನೇರವಾಗಿ ತಕ್ಕ ಪುಟಕ್ಕೆ ಕರೆದೊಯ್ಯುತ್ತವೆ. ಗಣಕದ ಸಾಮಾನ್ಯ ಪಟ್ಟಿಯು ಅಮರಕೋಶದಂತೆ. ಗಣಕದ ನಿಘಂಟು ಕಿಟ್ಟೆಲರ ನಿಘಂಟಿನಂತೆ.

ಕಿಟ್ಟೆಲರಂಥ ಕೋಶಕಾರರಿಗೆ ಒಂದು ತೊಡಕು ಎದುರಾಗುತ್ತದೆ. ‘ಕರೆ’ ಎಂಬ ಶಬ್ದವನ್ನು ತೆಗೆದುಕೊಳ್ಳಿರಿ. ಕೂಗಿ ಕರೆಯುವುದೂ ಕರೆಯೇ, ಹಸುವಿನ ಹಾಲನ್ನು ಕರೆಯುವುದೂ ಕರೆಯೇ, ಬಟ್ಟೆಗೆ ಹಿಡಿದ ಕಲೆಯೂ ಕರೆ, ನದಿಯ ದಡವೂ ಕರೆ. ರೂಪವೊಂದೇ ಆದರೂ ಶಬ್ದಗಳು ಬೇರೆ ಬೇರೆ. ಆದಕಾರಣ ಕೋಶಕಾರರು ಶಬ್ದದ ಪಕ್ಕದಲ್ಲಿ 1, 2, 3 ಎಂದು ಅಂಕೆಗಳನ್ನು ಹಾಕಿ ಅವನ್ನು ಬೇರ್ಪಡಿಸುವ ವಾಡಿಕೆಯುಂಟು. ಈ ಚಿಕ್ಕ ಅಂಕೆಯ ಬೆಲೆಯು ನಮಗೆ ತಿಳಿದದ್ದು ತಡವಾಗಿ.

ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿವೇತನಕ್ಕೆ ಅರ್ಹರಾದ ನಮ್ಮ ಬಾಲಿಕೆಯರ ಪಟ್ಟಿಯನ್ನು ಗಣಕದಲ್ಲಿ ಸಿದ್ಧಪಡಿಸಿದೆವು. ಪ್ರೋಗ್ರಾಮನ್ನು ಬರೆದವರು ನಾವೇ. ಹುಡುಗಿಯ ಹೆಸರನ್ನು ಕೀಲಿಯಾಗಿಯೂ, ಅವಳ ತಂದೆಯ ಹೆಸರು, ಊರು, ಬ್ಯಾಂಕಿನ ಖಾತೆ ಮುಂತಾದವುಗಳನ್ನು ಮೌಲ್ಯವಾಗಿಯೂ ಇಟ್ಟಿದ್ದೆವು. ಆ ವರ್ಷ ಹತ್ತನೆಯ ತರಗತಿಯಲ್ಲಿ ಹೆಸರೂ ಒಂದೇ, ಹೆಸರಿನ ಮುಂದಿನ ಅಕ್ಷರವೂ ಒಂದೇ ಆದ ಇಬ್ಬರು ಹುಡುಗಿಯರಿದ್ದರು. ಒಬ್ಬಳು ಚನ್ನಪಟ್ಟಣದ ಕಡೆಯವಳು, ಮತ್ತೊಬ್ಬಳು ಕೂಟಗಲ್ ಹೋಬಳಿಯ ಒಂದು ಹಳ್ಳಿಯಿಂದ ಬರುತ್ತಿದ್ದವಳು. ಕೂಟಗಲ್ಲಿನ ಹುಡುಗಿಯ ವಿವರವನ್ನು ಮೊದಲು ಬರೆದೆವು. ಎರಡು ದಿನ ಬಿಟ್ಟು ಮತ್ತೊಬ್ಬಳದನ್ನು ಬರೆದೆವು. ನಿಘಂಟಿನ ಧರ್ಮವೇನೆಂದರೆ, ಒಂದು ಕೀಲಿಗೆ ಒಂದೇ ಮೌಲ್ಯ. ಅದೇ ಕೀಲಿಯಿಂದ ಎರಡನೆಯ ಸಲ ಬರೆದರೆ ಮೊದಲನೆಯದು ಅಳಿದುಹೋಗುತ್ತದೆ. ಯಂತ್ರವು ಗದ್ದಲ ಮಾಡಲಿಲ್ಲ. ನಾವೂ ಎಣಿಸಿ ನೋಡಲಿಲ್ಲ. 43 ಅರ್ಜಿಗಳನ್ನು ತೆಗೆದುಕೊಂಡಿದ್ದ ನಾವು 42 ಹೆಸರುಗಳಿದ್ದ ಪಟ್ಟಿಗೆ ರುಜು ಹಾಕಿ ಕಳುಹಿಸಿದೆವು.

ಹಣ ಬಂದಿಲ್ಲವೆಂದು ಆ ಹುಡುಗಿಯು ಬಾಯಿಬಿಟ್ಟು ಹೇಳಿದವಳಲ್ಲ. ಪಟ್ಟಿಯಲ್ಲಿ ತನ್ನ ಹೆಸರು ಇರುವುದನ್ನು ಫಲಕದಲ್ಲಿ ಅವಳೂ ನೋಡಿದ್ದಳು. ಅದು ತನ್ನದಲ್ಲ, ಇನ್ನೊಬ್ಬಳದು ಎಂಬುದು ಅವಳಿಗೆ ಹೇಗೆ ತಿಳಿಯಬೇಕು? ನಾಲ್ಕು ತಿಂಗಳಾದ ಮೇಲೆ ಅವಳ ತಂದೆ, ರೇಷ್ಮೆ ಹುಳು ಸಾಕುವ ರೈತ, ಗೂಡನ್ನು ರಾಮನಗರದ ಮಾರುಕಟ್ಟೆಗೆ ಹಾಕಿ ಹಿಂದಿರುಗುವಾಗ ಶಾಲೆಯ ಬಾಗಿಲಿಗೆ ಬಂದು, “ಅಮ್ಮಾವರೇ, ನಮ್ಮ ಮಗೀಗೆ ಈ ವರ್ಷ ಇಲ್ವಂತಾ?” ಎಂದು ಸಂಕೋಚದಿಂದ ಕೇಳಿದರು. ಅಷ್ಟರಲ್ಲಿ ಅರ್ಜಿಯ ಗಡುವು ಮೀರಿತ್ತು. ಆ ವರ್ಷದ ಹಣ ಅವಳಿಗೆ ಬರಲೇ ಇಲ್ಲ. ತಪ್ಪು ಯಂತ್ರದ್ದೆಂದು ಹೇಳಿ ನಾವು ತಪ್ಪಿಸಿಕೊಳ್ಳಬಹುದಾಗಿತ್ತು; ಆದರೆ ಯಂತ್ರವು ನಾವು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿತ್ತು.

ನಿಜ ಹೇಳಬೇಕಾದರೆ ಯಂತ್ರವು ನಮಗೆ ಮೆಲ್ಲನೆ ಸೂಚನೆಯನ್ನೂ ಕೊಟ್ಟಿತ್ತು. ಜಾವಾ ಭಾಷೆಯ ಹ್ಯಾಶ್‌ಮ್ಯಾಪಿನಲ್ಲಿ ‘ಪುಟ್’ ಎಂಬ ಕ್ರಿಯೆಯಿಂದ ಮೌಲ್ಯವನ್ನು ಇಟ್ಟಾಗ, ಆ ಕೀಲಿಯಲ್ಲಿ ಮೊದಲೇ ಏನಾದರೂ ಇದ್ದಿದ್ದರೆ ಆ ಹಳೆಯ ಮೌಲ್ಯವನ್ನು ಅದು ನಮ್ಮ ಕೈಗೆ ಹಿಂದಿರುಗಿಸುತ್ತದೆ. ಇಲ್ಲದಿದ್ದರೆ ‘ನಲ್’ ಎಂಬ ಶೂನ್ಯವನ್ನು ಕೊಡುತ್ತದೆ. ಹಿಂದಿರುಗಿ ಬಂದದ್ದನ್ನು ನಾವು ತಿರುಗಿ ನೋಡಲಿಲ್ಲ. 2014ರಲ್ಲಿ ಹೊರಬಂದ ಜಾವಾದ 8ನೆಯ ಆವೃತ್ತಿಯಿಂದ ಈಚೆಗೆ ಮ್ಯಾಪುಗಳಲ್ಲಿ ‘ಪುಟ್‌ಇಫ್‌ಆಬ್ಸೆಂಟ್’ ಎಂಬ ಮತ್ತೊಂದು ಕ್ರಿಯೆಯೂ ಇದೆ. ಅದು ಕೀಲಿಯು ಬರಿದಾಗಿದ್ದರೆ ಮಾತ್ರ ಇಡುತ್ತದೆ, ಇದ್ದುದನ್ನು ಅಳಿಸುವುದಿಲ್ಲ. ಆದರೆ ಅದೂ ಮೌನವಾಗಿಯೇ ಇರುವುದರಿಂದ, ಬಂದ ಉತ್ತರವನ್ನು ನೋಡುವ ಶ್ರಮವು ಬರೆಯುವವರಿಗೆ ತಪ್ಪಿದ್ದಲ್ಲ.

ಇನ್ನು ನಿಘಂಟು ಒಳಗೆ ಹೇಗೆ ಕೆಲಸ ಮಾಡುತ್ತದೆಂಬುದನ್ನು ನೋಡೋಣ. ಇದನ್ನು ಅರಿಯದೆ ಕೀಲಿಯ ನಿಯಮಗಳು ಮನಸ್ಸಿಗೆ ಹತ್ತುವುದಿಲ್ಲ. ಯಂತ್ರದ ನೆನಪಿನಲ್ಲಿ ಸಾಲಾಗಿ ಗೂಡುಗಳಿವೆ ಎಂದು ಭಾವಿಸಿರಿ. (ನಮ್ಮ ಕಡೆಯ ಮಕ್ಕಳಿಗೆ ಗೂಡೆಂದರೆ ಚಂದ್ರಿಕೆಯ ಮೇಲಿನ ರೇಷ್ಮೆಗೂಡು, ಇಲ್ಲಿ ಗೋಡೆಯ ಗೂಡನ್ನು ನೆನೆಯಬೇಕು.) ಕೀಲಿಯನ್ನು ಒಂದು ಲೆಕ್ಕಕ್ಕೆ ಒಳಪಡಿಸಿ, ಬಂದ ಸಂಖ್ಯೆಯಿಂದ ಯಾವ ಗೂಡೆಂದು ನಿರ್ಧರಿಸುವುದೇ ಹ್ಯಾಶಿಂಗ್ ಎಂಬ ಉಪಾಯ. 1953ರಲ್ಲಿ ಐಬಿಎಂ ಸಂಸ್ಥೆಯ ಹಾನ್ಸ್ ಪೀಟರ್ ಲೂನ್ ಎಂಬವರು ಒಂದು ಆಂತರಿಕ ಟಿಪ್ಪಣಿಯಲ್ಲಿ ಇದನ್ನು ಬರೆದಿಟ್ಟರು.

ಲೆಕ್ಕವನ್ನು ಕೈಯಲ್ಲೇ ಮಾಡಿ ನೋಡಬಹುದು. ಜಾವಾದ ಹ್ಯಾಶ್‌ಮ್ಯಾಪು ವಾಡಿಕೆಯಾಗಿ 16 ಗೂಡುಗಳಿಂದ ಆರಂಭವಾಗುತ್ತದೆ; ಅವಕ್ಕೆ 0ಯಿಂದ 15ರವರೆಗೆ ಅಂಕೆಗಳು. ಪ್ರವೇಶ ಸಂಖ್ಯೆಯೇ ಕೀಲಿಯೆಂದಿಟ್ಟುಕೊಳ್ಳಿರಿ. 1843ನ್ನು 16ರಿಂದ ಭಾಗಿಸಿದರೆ ಶೇಷ 3. ಆದ್ದರಿಂದ ಅವಳ ವಿವರವು 3ನೆಯ ಗೂಡಿಗೆ. 1850ರ ಶೇಷ 10. ಅವಳು 10ನೆಯ ಗೂಡಿಗೆ. 1859ರ ಶೇಷವು ಮತ್ತೆ 3. ಆಗ ಒಂದೇ ಗೂಡಿನಲ್ಲಿ ಇಬ್ಬರಾದರು. ಇದರಿಂದ ಯಾರೂ ಅಳಿಸಿಹೋಗುವುದಿಲ್ಲವೆಂಬುದನ್ನು ಚೆನ್ನಾಗಿ ಗಮನಿಸಬೇಕು. ಗೂಡಿನೊಳಗೆ ಮೌಲ್ಯದ ಜೊತೆಗೆ ಕೀಲಿಯನ್ನೂ ಪೂರ್ತಿಯಾಗಿ ಇಟ್ಟಿರುತ್ತಾರೆ. ಯಂತ್ರವು ಗೂಡಿಗೆ ಹೋಗಿ ಒಂದೊಂದೇ ಕೀಲಿಯನ್ನು ಹೋಲಿಸಿ ತಕ್ಕದ್ದನ್ನು ಎತ್ತಿಕೊಡುತ್ತದೆ. 16 ಗೂಡುಗಳಿಗೆ 12ಕ್ಕಿಂತ ಹೆಚ್ಚು ಜೋಡಿಗಳಾದ ಕೂಡಲೇ ಅದು ಗೂಡುಗಳನ್ನು 32ಕ್ಕೆ ಏರಿಸಿ ಎಲ್ಲವನ್ನೂ ಹೊಸದಾಗಿ ಹಂಚುತ್ತದೆ. ಆಗ 1843ರ ಶೇಷ 19 ಆಗುತ್ತದೆ, 1859ರದು 3ಾಗಿಯೇ ಉಳಿಯುತ್ತದೆ. ಇಬ್ಬರೂ ಬೇರೆ ಬೇರೆ ಗೂಡುಗಳನ್ನು ಸೇರಿದರು. ಹೀಗೆ ನೂರು ಹೆಸರಿದ್ದರೂ ಲಕ್ಷವಿದ್ದರೂ ಹುಡುಕುವ ಶ್ರಮವು ಹೆಚ್ಚುಕಡಿಮೆ ಒಂದೇ ಆಗಿರುತ್ತದೆ.

ಇದರಿಂದ ಎರಡು ಸಂಗತಿಗಳು ಹೊರಡುತ್ತವೆ. ನಿಘಂಟಿನಲ್ಲಿ ಇಟ್ಟ ಮೇಲೆ ಕೀಲಿಯು ಬದಲಾಗಕೂಡದು. ಬದಲಾದರೆ ಲೆಕ್ಕವೂ ಬದಲಾಗಿ ಯಂತ್ರವು ಬೇರೆ ಗೂಡಿನಲ್ಲಿ ಹುಡುಕುವುದು, ವಿವರವು ಹಳೆಯ ಗೂಡಿನಲ್ಲಿ ಅನಾಥವಾಗಿ ಬಿದ್ದಿರುವುದು. ಪೈಥಾನ್ ಭಾಷೆಯು ಈ ಭಯದಿಂದಲೇ ಬದಲಾಗಬಲ್ಲ ‘ಲಿಸ್ಟ್’ ಎಂಬುದನ್ನು ಕೀಲಿಯಾಗಿ ಒಪ್ಪುವುದೇ ಇಲ್ಲ. ಎರಡನೆಯದಾಗಿ, ಎರಡು ಕೀಲಿಗಳು ಒಂದೇ ಎಂದು ಹೇಳುವುದು ಯಾವಾಗ ಎಂಬ ಪ್ರಶ್ನೆ. ಅದಕ್ಕೆ ಪಹಣಿಯ ಉದಾಹರಣೆಯನ್ನು ಕೊಡುವೆವು; ನಮ್ಮ ವಿದ್ಯಾರ್ಥಿನಿಯರಲ್ಲಿ ಅನೇಕರು ರೈತರ ಮಕ್ಕಳಾದುದರಿಂದ ಪಹಣಿಯನ್ನು ಕಾಣದವರಿಲ್ಲ.

ಕರ್ನಾಟಕದ ಭೂಮಿ ಯೋಜನೆಯು ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೆ ಏರಿಸಿತು. 2000ದ ಆಸುಪಾಸಿನವರೆಗೆ ಅವು ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದವು. ಈಗ ಪಹಣಿಯನ್ನು ಪಡೆಯಬೇಕಾದರೆ ಮಾಲೀಕನ ಹೆಸರನ್ನು ಹೇಳಿ ನಿಲ್ಲುವಂತಿಲ್ಲ. ಸರ್ವೆ ನಂಬರೊಂದನ್ನೇ ಹೇಳಿದರೂ ಸಾಲದು, ಏಕೆಂದರೆ ಆ ನಂಬರು ಪ್ರತಿ ಗ್ರಾಮದಲ್ಲಿಯೂ ಒಂದರಿಂದ ಆರಂಭವಾಗುತ್ತದೆ. ಗ್ರಾಮದ ಹೆಸರನ್ನು ಸೇರಿಸಿದರೂ ಸಾಲದು. ಹೊಸಹಳ್ಳಿಯೆಂಬ ಊರು ನಮ್ಮ ನಾಡಿನಲ್ಲಿ ಎಷ್ಟಿಲ್ಲ! ಆದಕಾರಣ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸಾ ಇವೆಲ್ಲವನ್ನೂ ಕ್ರಮವಾಗಿ ಕೊಡಬೇಕು. ಇವು ಬಿಡಿಯಾಗಿ ಕೀಲಿಗಳಲ್ಲ. ಎಲ್ಲವೂ ಕೂಡಿ ಒಂದು ಕೀಲಿ. ರಾಮನಗರ ತಾಲ್ಲೂಕು, ಕೂಟಗಲ್ ಹೋಬಳಿ ಎಂಬ ಮಾತುಗಳು ವಿಳಾಸದ ಅಲಂಕಾರವಲ್ಲ, ಕೀಲಿಯ ಹಲ್ಲುಗಳು. ಒಂದು ಹಲ್ಲು ಮುರಿದರೂ ಬೀಗ ತೆರೆಯದು, ಅಥವಾ ನೆರೆಯವನ ಬೀಗ ತೆರೆದೀತು.

ಇಂಥ ಕೂಡುಕೀಲಿಯನ್ನು ವಸ್ತುಪ್ರಧಾನ ಭಾಷೆಯಲ್ಲಿ ಒಂದು ಆಬ್ಜೆಕ್ಟಾಗಿ ರಚಿಸುವುದು ಯುಕ್ತ. ಆದರೆ ಇಲ್ಲಿ ಹೊಸಬರು ತಪ್ಪದೆ ಎಡವುವ ಕಲ್ಲೊಂದಿದೆ. ಅದೇ ಗ್ರಾಮ, ಅದೇ ಸರ್ವೆ ನಂಬರು, ಅದೇ ಹಿಸ್ಸಾ ಬರೆದ ಎರಡು ಚೀಟಿಗಳನ್ನು ನಾವು ಒಂದೇ ಎನ್ನುತ್ತೇವೆ. ಜಾವಾ ಭಾಷೆಯಾದರೋ, ಬೇರೆ ಹೇಳದಿದ್ದರೆ, ಚೀಟಿಗಳು ಎರಡಾದುದರಿಂದ ಅವು ಬೇರೆ ಬೇರೆ ಎನ್ನುತ್ತದೆ. ಬರೆದದ್ದನ್ನು ನೋಡಿ ಹೋಲಿಸಬೇಕೆಂದು ‘ಈಕ್ವಲ್ಸ್’ ಎಂಬ ಕ್ರಿಯೆಯಲ್ಲಿಯೂ, ಒಂದೇ ಬರಹಕ್ಕೆ ಒಂದೇ ಲೆಕ್ಕ ಬರಬೇಕೆಂದು ‘ಹ್ಯಾಶ್‌ಕೋಡ್’ ಎಂಬ ಕ್ರಿಯೆಯಲ್ಲಿಯೂ ನಾವು ವಿಧಿಸಬೇಕು. ಮೊದಲನೆಯದನ್ನು ಬರೆದು ಎರಡನೆಯದನ್ನು ಮರೆತವರ ಪಾಡು ಹೇಳತೀರದು: ವಿವರವು ನಿಘಂಟಿನಲ್ಲಿ ಇರುತ್ತದೆ, ಎಣಿಸಿದರೆ ಲೆಕ್ಕಕ್ಕೂ ಬರುತ್ತದೆ, ಹುಡುಕಿದರೆ ಮಾತ್ರ ಸಿಕ್ಕುವುದಿಲ್ಲ. 2021ರಲ್ಲಿ ಬಂದ ಜಾವಾ 16ನೆಯ ಆವೃತ್ತಿಯ ‘ರೆಕಾರ್ಡ್’ ಎಂಬ ರಚನೆಯಲ್ಲಿ ಈ ಎರಡೂ ತಾವಾಗಿಯೇ ಒದಗುವುದರಿಂದ ನಮ್ಮ ಮಕ್ಕಳಿಗೆ ಈಗ ಅದನ್ನೇ ಕಲಿಸುತ್ತಿದ್ದೇವೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ನಿಘಂಟೋ, ಕ್ಲಾಸೋ? (ಗಣಕದ ಕ್ಲಾಸೆಂದರೆ ಒಂದು ಬಗೆಯ ಆಬ್ಜೆಕ್ಟುಗಳಿಗೆಲ್ಲ ಮೂಲವಾದ ಅಚ್ಚು; ಶಾಲೆಯ ಕ್ಲಾಸಿಗೂ ಇದಕ್ಕೂ ಗಂಟು ಹಾಕಬಾರದೆಂದು ಪ್ರತಿ ವರ್ಷವೂ ಹೇಳುತ್ತೇವೆ, ಪ್ರತಿ ವರ್ಷವೂ ಯಾರಾದರೊಬ್ಬಳು ನಗುತ್ತಾಳೆ.) ನಮ್ಮ ಹಳೆಯ ಪ್ರೋಗ್ರಾಮಿನಲ್ಲಿ ಒಬ್ಬೊಬ್ಬ ಹುಡುಗಿಯ ವಿವರವೂ ಒಂದು ಚಿಕ್ಕ ನಿಘಂಟೇ ಆಗಿತ್ತು: ‘ತಂದೆ’ ಎಂಬ ಕೀಲಿಗೆ ತಂದೆಯ ಹೆಸರು, ‘ಊರು’ ಎಂಬ ಕೀಲಿಗೆ ಊರಿನ ಹೆಸರು. ಸುಲಭವೆಂದು ಹಾಗೆ ಮಾಡಿದ್ದೆವು. ಆದರೆ ಒಬ್ಬ ಉಪಾಧ್ಯಾಯಿನಿಯವರು ‘ತಂದೆ’ ಎಂದು ಬರೆದರೆ ಮತ್ತೊಬ್ಬರು ‘ತಂದೆಯ ಹೆಸರು’ ಎಂದು ಬರೆದರು. ನಿಘಂಟು ಎರಡನ್ನೂ ಸಂತೋಷದಿಂದ ಸ್ವೀಕರಿಸಿತು. ಅಚ್ಚು ಹಾಕುವಾಗ ಅರ್ಧ ಮಕ್ಕಳಿಗೆ ತಂದೆಯಿಲ್ಲ!

ನಮ್ಮ ಅಭಿಪ್ರಾಯವಿದು. ಯಾವ ಯಾವ ಸಂಗತಿಗಳು ಬೇಕೆಂಬುದು ಮೊದಲೇ ಗೊತ್ತಿದ್ದು, ಎಲ್ಲರಿಗೂ ಅವು ಸಮಾನವಾಗಿದ್ದರೆ, ಅಲ್ಲಿ ಕ್ಲಾಸನ್ನು ರಚಿಸಬೇಕು. ವಿದ್ಯಾರ್ಥಿನಿ ಎಂದರೆ ಪ್ರವೇಶ ಸಂಖ್ಯೆ, ಹೆಸರು, ತಂದೆತಾಯಿಗಳು, ಊರು, ಹುಟ್ಟಿದ ದಿನ. ಇವು ಅವಳ ಆಬ್ಜೆಕ್ಟಿನ ಅಂಗಗಳು. ಅಂಗದ ಹೆಸರನ್ನು ತಪ್ಪಾಗಿ ಬರೆದರೆ ಜಾವಾದಲ್ಲಿ ಪ್ರೋಗ್ರಾಮು ನಡೆಯುವ ಮೊದಲೇ ಕಂಪೈಲರು ತಡೆಯುತ್ತದೆ. ಯಾವ ಕೀಲಿಗಳು ಬರುವುವೋ ಮೊದಲೇ ತಿಳಿಯದಿದ್ದರೆ, ಅವು ಹೊರಗಿನ ಲೋಕದಿಂದ ದಿನದಿನವೂ ಬರುತ್ತಿದ್ದರೆ, ಅಲ್ಲಿ ನಿಘಂಟು. ಈ ವರ್ಷ ಯಾರು ಯಾರು ಶಾಲೆಗೆ ಸೇರುವರೆಂದು ಪ್ರೋಗ್ರಾಮು ಬರೆಯುವವಳಿಗೆ ತಿಳಿಯದು; ಆದ್ದರಿಂದ ಪ್ರವೇಶ ಸಂಖ್ಯೆಯಿಂದ ವಿದ್ಯಾರ್ಥಿನಿಯನ್ನು ಹುಡುಕುವ ಕೆಲಸಕ್ಕೆ ನಿಘಂಟೇ ತಕ್ಕದ್ದು. ಒಂದು ಕೀಲಿಗೆ ಸಹಜವಾಗಿಯೇ ಹಲವು ಸಂಗತಿಗಳು ಸೇರುವುದಾದರೆ, ಅಂಚೆಯ ಒಂದು ಪಿನ್ ಸಂಖ್ಯೆಗೆ ಹಲವು ಹಳ್ಳಿಗಳು ಸೇರುವಂತೆ, ಮೌಲ್ಯದ ಸ್ಥಾನದಲ್ಲಿ ಒಂದು ಪಟ್ಟಿಯನ್ನೇ ಇಡಬೇಕು.

ಅಷ್ಟಕ್ಕೇ ನಿಲ್ಲಿಸಬಾರದು. ಆ ನಿಘಂಟನ್ನು ಬರಿದಾಗಿ ಎಲ್ಲರ ಕೈಗೂ ಕೊಡದೆ ‘ದಾಖಲಾತಿ ಪುಸ್ತಕ’ ಎಂಬ ಮತ್ತೊಂದು ಆಬ್ಜೆಕ್ಟಿನ ಒಳಗೆ ಬಚ್ಚಿಡಬೇಕು. ಹೊರಗಿನವರು ಅದನ್ನು ‘ಸೇರಿಸು’, ‘ಹುಡುಕು’, ‘ತಿದ್ದು’ ಎಂದು ಕೇಳಬಹುದೇ ಹೊರತು ಗೂಡಿಗೆ ತಾವೇ ಕೈಹಾಕಬಾರದು. ಶಾಲೆಯಲ್ಲಿಯೂ ನಡೆಯುವುದು ಹೀಗೆಯೇ. ದಾಖಲಾತಿ ಪುಸ್ತಕವು ಕಚೇರಿಯ ಬೀರುವಿನಲ್ಲಿರುತ್ತದೆ, ಬೇಕಾದವರು ಗುಮಾಸ್ತರನ್ನು ಕೇಳುತ್ತಾರೆ. ‘ಸೇರಿಸು’ ಎಂದಾಗ ಆ ಸಂಖ್ಯೆಯು ಮೊದಲೇ ಇದ್ದರೆ ಒಪ್ಪದೆ ಗಟ್ಟಿಯಾಗಿ ದೂರಬೇಕೆಂಬ ನಿಯಮವನ್ನು ಆ ಒಂದೇ ಸ್ಥಳದಲ್ಲಿ ಬರೆದರೆ ಸಾಕು. ನಾವು ಅಂದು ಈ ಆರು ಸಾಲುಗಳನ್ನು ಬರೆದಿದ್ದರೆ ಕೂಟಗಲ್ಲಿನ ಆ ಹುಡುಗಿಗೆ ನಷ್ಟವಾಗುತ್ತಿರಲಿಲ್ಲ.

ಹೆಸರು ಕೀಲಿಯಾಗಲಾರದೆಂಬುದಕ್ಕೆ ನಮ್ಮ ಸೀಮೆಯೇ ಸಾಕ್ಷಿ. ಟೀಪೂ ಸುಲ್ತಾನನ ಕಾಲದಲ್ಲಿ ಶಂಸೇರಾಬಾದ್ ಎನಿಸಿದ್ದ ಊರು, ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಸರ್ ಬ್ಯಾರಿ ಕ್ಲೋಸರಿಂದ ಕ್ಲೋಸ್‌ಪೇಟೆಯಾಯಿತು, ಆಮೇಲೆ ರಾಮನಗರವಾಯಿತು. ಭೂವಿಜ್ಞಾನಿಗಳು ಮಾತ್ರ ಇಲ್ಲಿಯ ಬಂಡೆಗೆ ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂಬ ಹಳೆಯ ಕೀಲಿಯನ್ನೇ ಬಳಸುತ್ತಾರೆ. ಬದಲಿಸಿದರೆ ಹಿಂದಿನ ಬರಹಗಳಲ್ಲಿ ಹುಡುಕುವುದು ಹೇಗೆ? 2007ರಲ್ಲಿ ರಾಮನಗರ ಜಿಲ್ಲೆಯಾಯಿತು. 2025ರ ಮೇ ತಿಂಗಳಿನಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ರಾಜ್ಯದ ಸಚಿವ ಸಂಪುಟವು ತೀರ್ಮಾನಿಸಿತು. ಜಿಲ್ಲೆಯ ಹೆಸರನ್ನೇ ಕೀಲಿಯಾಗಿಟ್ಟವರು ಇಂಥ ಸಮಯದಲ್ಲಿ ಎಲ್ಲವನ್ನೂ ತಿದ್ದುತ್ತಾ ಕುಳಿತಿರಬೇಕು. ಅರ್ಥವಿಲ್ಲದ ಒಂದು ಸಂಖ್ಯೆಯನ್ನು ಕೀಲಿಯಾಗಿಟ್ಟು ಹೆಸರನ್ನು ಮೌಲ್ಯದಲ್ಲಿಟ್ಟವರು ಒಂದೇ ಕಡೆ ತಿದ್ದಿ ಏಳಬಹುದು. ಮಕ್ಕಳನ್ನು ಸಂಖ್ಯೆಯಿಂದ ಗುರುತಿಸುವುದು ನಿಷ್ಠುರವೆಂದು ನಮ್ಮಲ್ಲಿ ಕೆಲವರು ಆಕ್ಷೇಪಿಸಿದ್ದುಂಟು. ತರಗತಿಯಲ್ಲಿ ಹೆಸರು ಹಿಡಿದೇ ಕರೆಯೋಣ. ಆದರೆ ಪುಸ್ತಕದಲ್ಲಿ ಅವಳ ಸ್ಥಾನವನ್ನು ಇನ್ನೊಬ್ಬಳು ಅಳಿಸದಂತೆ ಕಾಯುವುದು ಆ ಸಂಖ್ಯೆಯೇ.

ಕನ್ನಡದಲ್ಲಿ ಕೀಲಿಯನ್ನು ಬರೆಯುವವರಿಗೆ ಮತ್ತೊಂದು ಎಚ್ಚರಿಕೆ ಬೇಕು. ಯೂನಿಕೋಡಿನಲ್ಲಿ ‘ಗೀ’ ಎಂಬ ಅಕ್ಷರವನ್ನು ಎರಡು ಬಗೆಯಾಗಿ ಬರೆಯಬಹುದು: ಗಕಾರಕ್ಕೆ ‘ಈ’ಯ ಗುಣಿತವನ್ನು ಒಂದೇ ಚಿಹ್ನೆಯಾಗಿ ಸೇರಿಸಬಹುದು, ಅಥವಾ ‘ಗಿ’ ಬರೆದು ದೀರ್ಘವನ್ನು ಬೇರೆ ಚಿಹ್ನೆಯಾಗಿ ಸೇರಿಸಬಹುದು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಎರಡು ಬೇರೆ ಕೀಲಿಗಳು. ‘ಕೊ’, ‘ಕೋ’, ‘ಕೇ’, ‘ಕೈ’ಗಳಲ್ಲಿಯೂ ಹೀಗೆಯೇ. ನಿಘಂಟಿಗೆ ಕೊಡುವ ಮೊದಲು ಬರಹವನ್ನು ಒಂದೇ ರೂಪಕ್ಕೆ ತರುವ ‘ನಾರ್ಮಲೈಸ್’ ಎಂಬ ಸಿದ್ಧ ಕ್ರಿಯೆಯು ಜಾವಾದಲ್ಲಿಯೂ ಪೈಥಾನಿನಲ್ಲಿಯೂ ಇದೆ. ಅದನ್ನು ‘ಸೇರಿಸು’ ಮತ್ತು ‘ಹುಡುಕು’ ಎರಡರಲ್ಲಿಯೂ ಮಾಡಬೇಕು.

ಕಳೆದ ಅವಧಿಯಲ್ಲಿ ನಮ್ಮ ಹತ್ತನೆಯ ತರಗತಿಯ ಹುಡುಗಿಯರು ಮೇಲೆ ಹೇಳಿದಂತೆ ದಾಖಲಾತಿ ಪುಸ್ತಕವನ್ನು ತಾವೇ ರಚಿಸಿದರು. ಒಂದೇ ಹೆಸರಿನ ಇಬ್ಬರನ್ನು ಬೇಕೆಂದೇ ಸೇರಿಸಿದರು, ಇಬ್ಬರೂ ಉಳಿದರು. ಒಂದೇ ಪ್ರವೇಶ ಸಂಖ್ಯೆಯನ್ನು ಎರಡು ಸಲ ಕೊಟ್ಟರು, ಯಂತ್ರವು ಒಪ್ಪಲಿಲ್ಲ. ಆಮೇಲೆ ಯಾವ ಊರಿನಿಂದ ಎಷ್ಟು ಮಂದಿ ಬರುತ್ತಾರೆಂದು ಊರಿನ ಹೆಸರನ್ನು ಕೀಲಿಯಾಗಿಟ್ಟು ಎಣಿಸಿದರು. ಕೂಟಗಲ್ ಮೂರು ಸಲ ಬಂತು: ‘ಕೂಟಗಲ್’ 11, ‘ಕೂಟಗಲ್ಲು’ 4, ಮತ್ತೆ ‘ಕೂಟಗಲ್’ 2. ಕಡೆಯ ಎರಡನ್ನು ಮೊದಲಿನ ಹನ್ನೊಂದರಿಂದ ಬೇರ್ಪಡಿಸಿದ್ದು ಯಾವುದೆಂದು ಒಂದು ಇಡೀ ಮಧ್ಯಾಹ್ನ ಹುಡುಕಿದೆವು. ಯಾರೋ ‘ಕೂಟಗಲ್‌ನಲ್ಲಿ’ ಎಂದು ಬರೆದು ‘ನಲ್ಲಿ’ಯನ್ನು ಅಳಿಸಿದ್ದರು, ಲಕಾರವು ನಕಾರದೊಡನೆ ಒತ್ತಾಗಿ ಕೂಡದಂತೆ ನಡುವೆ ಇಡುವ, ಕಣ್ಣಿಗೆ ಕಾಣದ ಚಿಹ್ನೆಯು ಹಿಂದೆ ಉಳಿದುಬಿಟ್ಟಿತ್ತು. ನಾರ್ಮಲೈಸ್ ಕ್ರಿಯೆಯು ಅದನ್ನು ತೆಗೆಯುವುದಿಲ್ಲ. ಖಾಲಿ ಜಾಗಗಳನ್ನು ಕತ್ತರಿಸುವ ‘ಟ್ರಿಮ್’ ಕ್ರಿಯೆಯೂ ತೆಗೆಯುವುದಿಲ್ಲ. ಹೆಸರಿನ ಕಡೆಯಲ್ಲಿ ಆ ಚಿಹ್ನೆಯಿದ್ದರೆ ತೆಗೆದುಹಾಕುವ ಸಾಲನ್ನು ಬರೆದಾಯಿತು. ಊರುಗಳಿಗೂ ಸಂಖ್ಯೆಯ ಕೀಲಿಯನ್ನು ಕೊಡುವ ಕೆಲಸವನ್ನು ಈಗ ಒಂಬತ್ತನೆಯ ತರಗತಿಯವರು ಕೈಗೆತ್ತಿಕೊಂಡಿದ್ದಾರೆ. ಅವರು ಕೂಟಗಲ್ ಹೋಬಳಿಯ ಹಳ್ಳಿಗಳಿಂದಲೇ ಆರಂಭಿಸಿದ್ದಾರೆ.